ಎಸ್‌ಎಸ್‌ಎಚ್‌ಗೆ ಫೋನ್ ಕೋಡ್ ಹಾಕಿದ ಮೇಲೆ ಲಾಗಿನ್ ಕೆಟ್ಟರೆ: ದೋಷ ಹುಡುಕುವ ಕೈಪಿಡಿ

ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡುವಾಗ, ಅಂದರೆ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವಾಗ, ಕೀ ಒಂದೇ ಸಾಲದು, ಫೋನ್‌ನಲ್ಲಿ ಬರುವ ಆರು ಅಂಕಿಯ ಕೋಡ್ ಕೂಡ ಕೇಳಲಿ ಅಂತ ಗೂಗಲ್ ಅಥೆಂಟಿಕೇಟರ್‌ನ ಪ್ಯಾಮ್ ಮಾಡ್ಯೂಲ್ ಹಾಕಿದ್ದೀರಿ. ಪ್ಯಾಮ್ ಅಂದರೆ ಲಿನಕ್ಸ್‌ನಲ್ಲಿ ಲಾಗಿನ್ ಪರಿಶೀಲನೆ ನಡೆಸುವ ವ್ಯವಸ್ಥೆ. ಇನ್‌ಸ್ಟಾಲ್ ಆಯಿತು, ಕ್ಯೂಆರ್ ಸ್ಕ್ಯಾನ್ ಆಯಿತು, ಎರಡು ಫೈಲ್ ತಿದ್ದಿದ್ದೂ ಆಯಿತು. ಆದರೆ ಲಾಗಿನ್ ಆಗುತ್ತಿಲ್ಲ. ಅಥವಾ ಲಾಗಿನ್ ಆಗುತ್ತಿದೆ, ಕೋಡ್ ಮಾತ್ರ ಕೇಳುತ್ತಿಲ್ಲ.

ಈ ಕೆಲಸದಲ್ಲಿ ಕೈಕೊಡುವ ಜಾಗಗಳು ಮೂರು. ಸರ್ವರ್ ಕಡೆ ಎಸ್‌ಎಸ್‌ಎಚ್ ನೋಡಿಕೊಳ್ಳುವ ಎಸ್‌ಎಸ್‌ಎಚ್‌ಡಿ, ಅದು ಕರೆಯುವ ಪ್ಯಾಮ್, ಪ್ಯಾಮ್ ಕರೆಯುವ ಮಾಡ್ಯೂಲ್. ಮೂರರಲ್ಲಿ ಎಲ್ಲಿ ಲಾಗಿನ್ ನಿಂತರೂ ಬಳಸುವವರಿಗೆ ಕಾಣುವುದು "ಪರ್ಮಿಷನ್ ಡಿನೈಡ್" ಎಂಬ ಒಂದೇ ಸಾಲು. ಹೊರಗಿನವರಿಗೆ ಸುಳಿವು ಸಿಗಬಾರದು ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ. ಆದ್ದರಿಂದ ಏನನ್ನಾದರೂ ತಿದ್ದುವ ಮೊದಲು ಲಾಗಿನ್ ಎಲ್ಲಿ ನಿಂತಿತು ಅಂತ ಗೊತ್ತಾಗಬೇಕು. ಅದು ಗೊತ್ತಾಗದೆ ಸುಮ್ನೆ ಒಂದೊಂದೇ ಸೆಟ್ಟಿಂಗ್ ಬದಲಿಸುತ್ತಾ ಹೋದರೆ, ಒಂದು ದೋಷ ಇದ್ದ ಕಡೆ ಮೂರು ಆಗುತ್ತವೆ.

ಮೊದಲು ಒಂದು ಕಿಟಕಿ ತೆರೆದಿಡಿ

ಸರ್ವರ್‌ನಲ್ಲಿ ರೂಟ್ ಆಗಿ ಒಂದು ಸೆಷನ್ ತೆರೆದುಕೊಳ್ಳಿ. ಪರೀಕ್ಷೆ ಪೂರ್ತಿ ಮುಗಿಯುವವರೆಗೆ ಅದನ್ನು ಮುಚ್ಚಬೇಡಿ. ಎಸ್‌ಎಸ್‌ಎಚ್‌ಡಿ ರೀಸ್ಟಾರ್ಟ್ ಮಾಡಿದರೂ ಆಗಲೇ ಒಳಗಿರುವ ಸೆಷನ್ ಕಡಿದುಹೋಗುವುದಿಲ್ಲ. ಎಲ್ಲ ಪರೀಕ್ಷೆಯನ್ನೂ ಇನ್ನೊಂದು ಟರ್ಮಿನಲ್‌ನಿಂದ ಮಾಡಿ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಬದಲಿಸಿದರೆ ರೀಲೋಡ್ ಮಾಡುವವರೆಗೆ ಅದು ಜಾರಿಗೆ ಬರುವುದಿಲ್ಲ. ಆದರೆ ಪ್ಯಾಮ್ ಫೈಲ್‌ಗಳನ್ನು ಪ್ರತಿ ಲಾಗಿನ್‌ನಲ್ಲೂ ಹೊಸದಾಗಿ ಓದಲಾಗುತ್ತದೆ. ಅಂದರೆ ಪ್ಯಾಮ್ ಫೈಲ್ ಸೇವ್ ಮಾಡಿದ ಕ್ಷಣದಿಂದಲೇ ಅದರ ತಪ್ಪು ಎಲ್ಲರನ್ನೂ ತಡೆಯುತ್ತದೆ. "ಇನ್ನೂ ರೀಸ್ಟಾರ್ಟ್ ಮಾಡಿಲ್ಲವಲ್ಲ" ಅಂತ ಧೈರ್ಯವಾಗಿ ಕೂರಬೇಡಿ. ತಿದ್ದುವ ಮೊದಲು ಹಳೆಯ ಫೈಲ್‌ನ ಒಂದು ಪ್ರತಿ ತೆಗೆದಿಡಿ.

ಮಾಡ್ಯೂಲ್‌ನ ಸಾಲನ್ನು ಪ್ಯಾಮ್.ಡಿ ಫೋಲ್ಡರ್‌ನ ಎಸ್‌ಎಸ್‌ಎಚ್‌ಡಿ ಫೈಲ್‌ನಲ್ಲಿ ಮಾತ್ರ ಹಾಕಿ. ಎಲ್ಲ ಸೇವೆಗಳೂ ಓದುವ ಕಾಮನ್-ಆಥ್ ಫೈಲ್‌ನಲ್ಲಿ ಹಾಕಿದರೆ ಸುಡೊ, ಸ್ಕ್ರೀನ್ ಲಾಕ್, ಕನ್ಸೋಲ್ ಲಾಗಿನ್ ಎಲ್ಲವೂ ಕೋಡ್ ಕೇಳತೊಡಗುತ್ತವೆ. ಎಸ್‌ಎಸ್‌ಎಚ್‌ಡಿ ಫೈಲ್‌ನಲ್ಲಿ ಮಾತ್ರ ಇದ್ದರೆ, ಎಸ್‌ಎಸ್‌ಎಚ್ ಪೂರ್ತಿ ಕೆಟ್ಟರೂ ಕನ್ಸೋಲ್ ಲಾಗಿನ್ ತನ್ನದೇ ಲಾಗಿನ್ ಫೈಲ್ ಓದಿಕೊಂಡು ಎಂದಿನಂತೆ ನಡೆಯುತ್ತದೆ. ಹೊರಗೆ ಬಿದ್ದ ದಿನ ಒಳಗೆ ಬರಲು ಅದೇ ದಾರಿ.

ಎಲ್ಲಿ ನಿಂತಿದೆ?

ನಿಮ್ಮ ಕಡೆಯಿಂದ ಎಸ್‌ಎಸ್‌ಎಚ್ ಕಮಾಂಡ್‌ಗೆ ಮೈನಸ್ ವಿ ಸೇರಿಸಿ ಓಡಿಸಿ. ಉದ್ದಕ್ಕೆ ಸಾಲುಗಳು ಬರುತ್ತವೆ. ನೋಡಬೇಕಾದವು ಎರಡೇ. ಒಂದು, ಇನ್ನು ಯಾವ ಯಾವ ವಿಧಾನದಲ್ಲಿ ಪ್ರಯತ್ನಿಸಬಹುದು ಅಂತ ಸರ್ವರ್ ಹೇಳುವ ಸಾಲು. ಅದರಲ್ಲಿ ಪಬ್ಲಿಕ್‌ಕೀ, ಪಾಸ್‌ವರ್ಡ್, ಕೀಬೋರ್ಡ್-ಇಂಟರಾಕ್ಟಿವ್ ಎಂಬ ಹೆಸರುಗಳಿರುತ್ತವೆ. ಕೊನೆಯದು ಒಂದೊಂದೇ ಪ್ರಶ್ನೆ ಕೇಳಿ ಉತ್ತರ ಪಡೆಯುವ ವಿಧಾನ, ಕೋಡ್ ಕೇಳುವುದು ಅದರಲ್ಲೇ. ಎರಡು, ಕೀ ಒಪ್ಪಿದ ಮೇಲೆ "ಪಾರ್ಶಿಯಲ್ ಸಕ್ಸೆಸ್" ಅಂತ ಬಂತೇ ಎಂಬುದು. ಅದು ಬಂದರೆ ಕೀ ಸರಿಯಿದೆ, ಸರ್ವರ್ ಎರಡನೇ ಹಂತಕ್ಕೆ ಕಾಯುತ್ತಿದೆ ಎಂದರ್ಥ. ಅದು ಬರದೆ ನೇರ ಒಳಗೆ ಬಿಟ್ಟರೆ, ಎರಡನೇ ಹಂತವನ್ನು ಸರ್ವರ್ ಕೇಳುತ್ತಲೇ ಇಲ್ಲ.

ಸರ್ವರ್ ಕಡೆ ಲಾಗ್ ನೋಡಿ. ಡೆಬಿಯನ್, ಉಬುಂಟುಗಳಲ್ಲಿ ಜರ್ನಲ್‌ಸಿಟಿಎಲ್‌ಗೆ ಎಸ್‌ಎಸ್‌ಎಚ್ ಯೂನಿಟ್ ಹೆಸರು ಕೊಡಿ. ರೆಡ್ ಹ್ಯಾಟ್ ಬಳಗದಲ್ಲಿ ಯೂನಿಟ್ ಹೆಸರು ಎಸ್‌ಎಸ್‌ಎಚ್‌ಡಿ. ಮೊದಲಿನಿಂದ ಇದ್ದ ಆಥ್.ಲಾಗ್ ಫೈಲ್ ಡೆಬಿಯನ್ 12ರಲ್ಲಿ ಕಾಣದಿದ್ದರೆ ಗಾಬರಿ ಬೇಡ. ಅದನ್ನು ಬರೆಯುವ ಆರ್‌ಸಿಸ್‌ಲಾಗ್ ಈಗ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ಲಾಗ್ ಎಲ್ಲ ಜರ್ನಲ್‌ನಲ್ಲೇ ಇರುತ್ತದೆ.

ಲಾಗ್‌ನಲ್ಲಿ ಮಾಡ್ಯೂಲ್‌ನ ಹೆಸರಿರುವ ಸಾಲು ಬಂದಿದೆಯೇ? ಬಂದಿದ್ದರೆ ಎಸ್‌ಎಸ್‌ಎಚ್‌ಡಿ, ಪ್ಯಾಮ್ ಎರಡೂ ತಮ್ಮ ಕೆಲಸ ಮಾಡಿವೆ. ದೋಷ ಕೋಡ್‌ನಲ್ಲೋ ಗಡಿಯಾರದಲ್ಲೋ ಫೈಲ್‌ನಲ್ಲೋ ಇದೆ. ಬಂದಿಲ್ಲದಿದ್ದರೆ ಅಲ್ಲಿಯವರೆಗೆ ತಲುಪಿಯೇ ಇಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮಾಡ್ಯೂಲ್ ತೆರೆಯಲು ಆಗಲಿಲ್ಲ, "ಫಾಲ್ಟಿ ಮಾಡ್ಯೂಲ್" ಅಂತ ಪ್ಯಾಮ್ ದೂರಿದ್ದರೆ ವಿಷಯ ಇನ್ನೂ ಸರಳ. ಪ್ಯಾಕೇಜ್ ಇಲ್ಲ, ಅಥವಾ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ.

ಕೋಡ್ ಕೇಳುತ್ತಲೇ ಇಲ್ಲ

ಎಲ್ಲಕ್ಕಿಂತ ಜಾಸ್ತಿ ಕಾಣುವ ದೂರು ಇದು. ಕಾರಣ ಹೆಚ್ಚಾಗಿ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲೇ ಇರುತ್ತದೆ.

ಕೀ ಮೂಲಕ ಲಾಗಿನ್ ಆದಾಗ ಎಸ್‌ಎಸ್‌ಎಚ್‌ಡಿ ತಾನೇ ಪರಿಶೀಲನೆ ಮುಗಿಸುತ್ತದೆ. ಪ್ಯಾಮ್‌ನ ಆಥ್ ಗುಂಪಿನ ಸಾಲುಗಳನ್ನು ಅದು ಕರೆಯುವುದೇ ಇಲ್ಲ. ಅಕೌಂಟ್ ಮತ್ತು ಸೆಷನ್ ಗುಂಪುಗಳನ್ನು ಮಾತ್ರ ಕರೆಯುತ್ತದೆ. ಹಾಗಾಗಿ ಪ್ಯಾಮ್ ಫೈಲ್ ಎಷ್ಟು ಸರಿಯಾಗಿ ಬರೆದಿದ್ದರೂ ಕೀ ಇರುವವರಿಗೆ ಕೋಡ್ ಕೇಳುವುದಿಲ್ಲ. ಕೇಳಬೇಕಾದರೆ ಆಥೆಂಟಿಕೇಶನ್‌ಮೆಥಡ್ಸ್ ಎಂಬ ಸಾಲಿನಲ್ಲಿ ಪಬ್ಲಿಕ್‌ಕೀ, ಅಲ್ಪವಿರಾಮ, ಕೀಬೋರ್ಡ್-ಇಂಟರಾಕ್ಟಿವ್ ಅಂತ ಬರೆಯಬೇಕು. ನಡುವೆ ಅಲ್ಪವಿರಾಮ ಇದ್ದರೆ ಎರಡೂ ಬೇಕು ಎಂದರ್ಥ. ಬರೀ ಖಾಲಿ ಜಾಗ ಬಿಟ್ಟರೆ ಯಾವುದಾದರೂ ಒಂದು ಸಾಕು ಎಂದರ್ಥ. ಒಂದು ಚಿಹ್ನೆಯ ವ್ಯತ್ಯಾಸ, ಆದರೆ ರಕ್ಷಣೆ ಪೂರ್ತಿ ಹೋಗುತ್ತದೆ.

ಇದರ ಜೊತೆ ಯೂಸ್‌ಪ್ಯಾಮ್ ಮತ್ತು ಕೆಬಿಡಿಇಂಟರಾಕ್ಟಿವ್‌ಆಥೆಂಟಿಕೇಶನ್ ಎರಡೂ "ಯೆಸ್" ಇರಬೇಕು. ಎರಡನೆಯದರ ಹಳೆಯ ಹೆಸರು ಚಾಲೆಂಜ್‌ರೆಸ್ಪಾನ್ಸ್‌ಆಥೆಂಟಿಕೇಶನ್. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.7ರಿಂದ ಹೊಸ ಹೆಸರೇ ಮುಖ್ಯವಾಯಿತು. ಹಳೆಯದೂ ಅದರ ಇನ್ನೊಂದು ಹೆಸರಾಗಿ ನಡೆಯುತ್ತದೆ. ತೊಂದರೆ ಆಗುವುದು ಹೀಗೆ: ಫೈಲ್‌ನ ಮೇಲ್ಗಡೆ ಹೊಸ ಹೆಸರಿನಲ್ಲಿ "ನೋ" ಇರುತ್ತದೆ. ಹಳೆಯ ಬರಹ ನೋಡಿ ಕೆಳಗಡೆ ಹಳೆಯ ಹೆಸರಿನಲ್ಲಿ "ಯೆಸ್" ಸೇರಿಸಿರುತ್ತೇವೆ. ಎಸ್‌ಎಸ್‌ಎಚ್‌ಡಿಗೆ ಮೊದಲು ಸಿಕ್ಕ ಬೆಲೆಯೇ ಕೊನೆಯ ಮಾತು. ಕೆಳಗೆ ಬರೆದದ್ದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಬಲೆ ಇದೆ. ಈಗಿನ ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ಗಳಲ್ಲಿ ಮುಖ್ಯ ಕಾನ್ಫಿಗ್‌ನ ತಲೆಯಲ್ಲೇ ಒಂದು ಇನ್‌ಕ್ಲೂಡ್ ಸಾಲು ಇರುತ್ತದೆ. ಅದು ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರ್‌ನ ಚಿಕ್ಕ ಫೈಲ್‌ಗಳನ್ನು ಮೊದಲು ಓದಿಸುತ್ತದೆ. ಅಲ್ಲಿ ಯಾವುದೋ ಫೈಲ್ "ನೋ" ಅಂದಿದ್ದರೆ ನೀವು ಮುಖ್ಯ ಫೈಲ್‌ನಲ್ಲಿ ಎಷ್ಟು "ಯೆಸ್" ಬರೆದರೂ ನಡೆಯುವುದಿಲ್ಲ. ಕ್ಲೌಡ್‌ನಲ್ಲಿ ತೆಗೆದುಕೊಂಡ ಸರ್ವರ್‌ಗಳಲ್ಲಿ ಇದನ್ನು ಮೊದಲೇ ನೋಡಿಬಿಡಿ.

ಕಣ್ಣಿನಿಂದ ಫೈಲ್ ಓದಿ ತೀರ್ಮಾನಿಸಬೇಡಿ. ಎಸ್‌ಎಸ್‌ಎಚ್‌ಡಿ ಕಮಾಂಡ್‌ಗೆ ಮೈನಸ್ ಹಾಕಿ ದೊಡ್ಡಕ್ಷರದ ಟಿ ಕೊಡಿ. ಎಲ್ಲ ಫೈಲ್ ಓದಿ, ಕೊನೆಗೆ ಯಾವ ಬೆಲೆ ನಿಂತಿದೆ ಅಂತ ಅದೇ ಪಟ್ಟಿ ಕೊಡುತ್ತದೆ. ಚಿಕ್ಕಕ್ಷರದ ಟಿ ಕೊಟ್ಟರೆ ಬರೀ ಬರವಣಿಗೆ ಸರಿಯಿದೆಯೇ ಅಂತ ನೋಡುತ್ತದೆ. ರೀಲೋಡ್‌ಗೆ ಮುಂಚೆ ಅದನ್ನೂ ಓಡಿಸಿ. ಕಾನ್ಫಿಗ್‌ನಲ್ಲಿ ಮ್ಯಾಚ್ ಬ್ಲಾಕ್‌ಗಳಿದ್ದರೆ, ದೊಡ್ಡ ಟಿ ಜೊತೆ ದೊಡ್ಡಕ್ಷರದ ಸಿ ಸೇರಿಸಿ ಯೂಸರ್, ಹೋಸ್ಟ್, ವಿಳಾಸ ಕೊಡಿ. ಆಗಲೇ ಆ ವ್ಯಕ್ತಿಗೆ ಅನ್ವಯಿಸುವ ನಿಜವಾದ ಬೆಲೆ ಕಾಣುತ್ತದೆ.

ಕೀ ಇಲ್ಲದೆ ಪಾಸ್‌ವರ್ಡ್ ಬಳಸುವವರಿಗೆ ಬೇರೊಂದು ಲಕ್ಷಣ ಕಾಣುತ್ತದೆ. ಪಾಸ್‌ವರ್ಡ್ ಮಾತ್ರ ಕೇಳುತ್ತದೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪು ಅನ್ನುತ್ತದೆ. ಇಲ್ಲಿ ಕ್ಲೈಂಟ್ "ಪಾಸ್‌ವರ್ಡ್" ವಿಧಾನದಲ್ಲಿ ಹೋಗಿರುತ್ತದೆ. ಆ ವಿಧಾನದಲ್ಲಿ ಎರಡನೇ ಪ್ರಶ್ನೆ ಕೇಳಲು ಜಾಗವೇ ಇಲ್ಲ. ಪ್ಯಾಮ್ ಏನು ಕೇಳಿದರೂ ಎಸ್‌ಎಸ್‌ಎಚ್‌ಡಿ ಅದೇ ಪಾಸ್‌ವರ್ಡನ್ನು ಕೊಡುತ್ತದೆ. ಮಾಡ್ಯೂಲ್‌ಗೆ ಕೋಡ್ ಬದಲು ನಿಮ್ಮ ಪಾಸ್‌ವರ್ಡ್ ಸಿಗುತ್ತದೆ, ಅದು ತಪ್ಪು ಕೋಡ್ ಅಂತ ಲಾಗ್ ಬರೆಯುತ್ತದೆ. ಪರಿಹಾರ: ಪಾಸ್‌ವರ್ಡ್‌ಆಥೆಂಟಿಕೇಶನ್‌ಗೆ "ನೋ", ಕೆಬಿಡಿಇಂಟರಾಕ್ಟಿವ್‌ಗೆ "ಯೆಸ್". ಪಾಸ್‌ವರ್ಡೂ ಕೋಡೂ ಎರಡೂ ಆಗ ಕೀಬೋರ್ಡ್-ಇಂಟರಾಕ್ಟಿವ್ ಮೂಲಕವೇ ಬರುತ್ತವೆ.

ಕೋಡ್ ಕೇಳುತ್ತದೆ, ಒಪ್ಪುವುದಿಲ್ಲ

ಈ ಕೋಡ್ ಹೇಗೆ ಹುಟ್ಟುತ್ತದೆ ಅಂತ ತಿಳಿದರೆ ದೋಷ ಎಲ್ಲಿರಬಹುದು ಅಂತ ಊಹಿಸುವುದು ಸುಲಭ. ವಿಧಾನದ ಹೆಸರು ಟಿಒಟಿಪಿ. 2011ರ ಆರ್‌ಎಫ್‌ಸಿ 6238ರಲ್ಲಿ ಇದರ ವಿವರಣೆ ಇದೆ. 1970ರ ಜನವರಿ 1ರಿಂದ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸುತ್ತಾರೆ. ಬಂದ ಪೂರ್ಣಾಂಕಕ್ಕೆ ಗುಟ್ಟಿನ ಕೀ ಸೇರಿಸಿ ಆರು ಅಂಕಿ ತೆಗೆಯುತ್ತಾರೆ. ಫೋನ್, ಸರ್ವರ್ ಎರಡೂ ಬೇರೆ ಬೇರೆಯಾಗಿ ಇದೇ ಲೆಕ್ಕ ಮಾಡುತ್ತವೆ. ನೆಟ್‌ವರ್ಕ್‌ನಲ್ಲಿ ಒಂದಕ್ಕೊಂದು ಮಾತಾಡುವುದಿಲ್ಲ. ಹಾಗಾದರೆ ಹೊಂದಿಕೆ ಆಗಬೇಕಾದವು ಎರಡೇ: ಗುಟ್ಟು ಮತ್ತು ಸಮಯ.

ಎರಡರಲ್ಲಿ ಯಾವುದು ತಪ್ಪಿದೆ ಅಂತ ನೋಡಲು ಓತ್‌ಟೂಲ್ ಎಂಬ ಚಿಕ್ಕ ಸಾಧನ ಹಾಕಿಕೊಳ್ಳಿ. ಯೂಸರ್‌ನ ಹೋಮ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಗೂಗಲ್_ಅಥೆಂಟಿಕೇಟರ್ ಫೈಲ್ ಇದೆಯಲ್ಲ, ಅದರ ಮೊದಲ ಸಾಲೇ ಗುಟ್ಟು. ಅದನ್ನು ಓತ್‌ಟೂಲ್‌ಗೆ ಟಿಒಟಿಪಿ ಮತ್ತು ಬೇಸ್32 ಆಯ್ಕೆಗಳ ಜೊತೆ ಕೊಡಿ. ಸರ್ವರ್ ಪ್ರಕಾರ ಈ ಕ್ಷಣದ ಕೋಡ್ ಏನು ಅಂತ ಬರುತ್ತದೆ. ಫೋನ್‌ನ ಕೋಡ್ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ಗುಟ್ಟು, ಸಮಯ ಎರಡೂ ಸರಿ. ದೋಷ ಕೆಳಗೆ ಹೇಳುವ ಟೈಮ್_ಸ್ಕ್ಯೂ ಸಾಲಿನಲ್ಲೋ ಮುಂದಿನ ಭಾಗದಲ್ಲೋ ಇದೆ. ಬೇರೆಯಾದರೆ ಡೇಟ್ ಕಮಾಂಡ್‌ಗೆ ಮೈನಸ್ ಯು ಕೊಟ್ಟು ಯುಟಿಸಿ ಸಮಯ ನೋಡಿ. ಸಮಯ ಸರಿಯಿದ್ದೂ ಕೋಡ್ ಬೇರೆಯಾದರೆ ಗುಟ್ಟೇ ಬೇರೆ. ಸೆಟಪ್ ಎರಡು ಸಲ ಓಡಿಸಿರುತ್ತೀರಿ, ಫೋನ್‌ನಲ್ಲಿ ಮೊದಲ ಸಲದ ಕ್ಯೂಆರ್ ಉಳಿದಿರುತ್ತದೆ. ಇದು ತುಂಬಾ ಆಗುತ್ತದೆ.

ಯುಟಿಸಿ ನೋಡಿ ಅಂತ ಒತ್ತಿ ಹೇಳಲು ಕಾರಣವಿದೆ. ಟೈಮ್‌ಝೋನ್ ತಪ್ಪಿದ್ದರೂ ಕೋಡ್ ಕೆಡುವುದಿಲ್ಲ, ಏಕೆಂದರೆ ಲೆಕ್ಕ ಯುಟಿಸಿಯಲ್ಲೇ ನಡೆಯುತ್ತದೆ. ಆದರೆ ಟೈಮ್‌ಝೋನ್ ತಪ್ಪಿರುವುದನ್ನು ಗಮನಿಸದೆ, ಗಡಿಯಾರವೇ ತಪ್ಪಿದೆ ಅಂತ ಕೈಯಾರೆ ಗಂಟೆ ತಿದ್ದಿದರೆ? ತೆರೆಯ ಮೇಲೆ ಸಮಯ ಸರಿಯಾಗಿ ಕಾಣುತ್ತದೆ, ಒಳಗಿನ ಯುಟಿಸಿ ಗಂಟೆಗಟ್ಟಲೆ ಜಾರಿರುತ್ತದೆ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದಾಗಲೂ ಹೀಗೆ ಆಗಬಹುದು. ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಸ್ಥಳೀಯ ಸಮಯ ಬರೆದಿಡುತ್ತದೆ, ಲಿನಕ್ಸ್ ಅದನ್ನು ಯುಟಿಸಿ ಅಂತ ಓದಿಕೊಳ್ಳುತ್ತದೆ.

ಟೈಮ್‌ಡೇಟ್‌ಸಿಟಿಎಲ್ ಓಡಿಸಿ, ಗಡಿಯಾರ ಸಿಂಕ್ ಆಗಿದೆ ಎಂಬ ಸಾಲಿನಲ್ಲಿ "ಯೆಸ್" ಇದೆಯೇ ನೋಡಿ. ಇಲ್ಲದಿದ್ದರೆ ಕ್ರೋನಿ ಅಥವಾ ಟೈಮ್‌ಸಿಂಕ್‌ಡಿ ನಡೆಯುತ್ತಿದೆಯೇ, ಯುಡಿಪಿ ಪೋರ್ಟ್ 123 ಹೊರಗೆ ಹೋಗಲು ಬಿಟ್ಟಿದೆಯೇ ಅಂತ ಪರೀಕ್ಷಿಸಿ. ನಿಲ್ಲಿಸಿ ಮತ್ತೆ ಎಬ್ಬಿಸಿದ ವರ್ಚುವಲ್ ಯಂತ್ರಗಳ ಗಡಿಯಾರ ಹಿಂದೆ ಬೀಳುವುದು ಮಾಮೂಲು.

ಮಾಡ್ಯೂಲ್ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಈಗಿನ ಕೋಡ್, ಹಿಂದಿನದು, ಮುಂದಿನದು, ಹೀಗೆ 3 ಕೋಡ್‌ಗಳನ್ನು ಒಪ್ಪುತ್ತದೆ. ಸೆಟಪ್ ಸಮಯದಲ್ಲಿ ಕೇಳುವ ಪ್ರಶ್ನೆಗೆ ಹೌದು ಅಂದರೆ 17 ಕೋಡ್‌ಗಳವರೆಗೆ, ಅಂದರೆ ಹಿಂದೆ ಮುಂದೆ ಸುಮಾರು 4 ನಿಮಿಷದವರೆಗೆ ಒಪ್ಪುತ್ತದೆ. ಗಡಿಯಾರ ಸರಿಮಾಡುವ ಬದಲು ಇದನ್ನು ಹಿಗ್ಗಿಸುವುದು ನನಗೆ ಇಷ್ಟವಿಲ್ಲ. ಗಡಿಯಾರ ಇನ್ನೂ ಜಾರುತ್ತಲೇ ಇರುತ್ತದೆ, ಒಂದು ದಿನ 4 ನಿಮಿಷವನ್ನೂ ದಾಟುತ್ತದೆ.

ಈಗ ಇದರ ಅತಿ ಕಷ್ಟದ ರೂಪ. ಗಡಿಯಾರ ತಪ್ಪಿರುವಾಗ ಯಾರೋ ಮೂರು ಸಲ ಬೆನ್ನುಬೆನ್ನಿಗೆ, ಪ್ರತಿ ಸಲ ಹೊಸ ಕೋಡ್ ಹಾಕಿ ಪ್ರಯತ್ನಿಸಿರುತ್ತಾರೆ. ಮಾಡ್ಯೂಲ್ ಅದರಿಂದ ಸಮಯದ ಅಂತರ ಲೆಕ್ಕ ಹಾಕಿ, ಟೈಮ್_ಸ್ಕ್ಯೂ ಎಂಬ ಸಾಲನ್ನು ಗುಟ್ಟಿನ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ. ಲಾಗಿನ್ ಆಗುತ್ತದೆ, ಎಲ್ಲರೂ ಸಮಾಧಾನ ಪಡುತ್ತಾರೆ. ಕೆಲವು ದಿನ ಬಿಟ್ಟು ಇನ್ನೊಬ್ಬರು ಗಡಿಯಾರ ಸರಿಮಾಡುತ್ತಾರೆ. ಆಗ ಆ ಹಳೆಯ ಅಂತರವೇ ಸರಿಯಾದ ಕೋಡನ್ನು ತಪ್ಪು ಮಾಡುತ್ತದೆ. ಓತ್‌ಟೂಲ್ ಮತ್ತು ಫೋನ್ ಒಂದೇ ಕೋಡ್ ತೋರಿಸುತ್ತವೆ, ಮಾಡ್ಯೂಲ್ ಮಾತ್ರ ಒಪ್ಪುವುದಿಲ್ಲ. ಗುಟ್ಟಿನ ಫೈಲ್ ತೆರೆದು ಆ ಸಾಲನ್ನು ಅಳಿಸಿದರೆ ಸರಿಹೋಗುತ್ತದೆ.

ದೋಷವೇ ಅಲ್ಲದ ಎರಡು ಸಂಗತಿಗಳನ್ನೂ ನೆನಪಿಡಿ. ಒಮ್ಮೆ ಬಳಸಿದ ಕೋಡ್ ಮತ್ತೆ ನಡೆಯಬಾರದು ಅಂತ ಆರಿಸಿದ್ದರೆ, ಲಾಗಿನ್ ಆದ ತಕ್ಷಣ ಇನ್ನೊಂದು ಟರ್ಮಿನಲ್‌ನಲ್ಲಿ ಅದೇ ಕೋಡ್ ಹಾಕಿದರೆ ಒಪ್ಪುವುದಿಲ್ಲ. ಇನ್ನೊಂದು, 30 ಸೆಕೆಂಡಿಗೆ 3 ಪ್ರಯತ್ನದ ಮಿತಿ. ಪರೀಕ್ಷೆ ಮಾಡುವ ಅವಸರದಲ್ಲಿ ಪಟಪಟ ಪ್ರಯತ್ನಿಸಿದರೆ ನಾಲ್ಕನೆಯ ಸಲ ಸರಿಯಾದ ಕೋಡೂ ತಿರಸ್ಕಾರವಾಗುತ್ತದೆ. ಅರ್ಧ ನಿಮಿಷ ಸುಮ್ಮನೆ ಕಾಯಿರಿ.

ಕೋಡ್ ಸರಿ, ಫೈಲ್ ಸರಿಯಿಲ್ಲ

ಗುಟ್ಟಿನ ಫೈಲ್ ಆ ಯೂಸರ್‌ನದೇ ಆಗಿರಬೇಕು, ಬೇರೆ ಯಾರಿಗೂ ಓದಲು ಬರಬಾರದು. ಪರ್ಮಿಷನ್ 0600 ಅಥವಾ ಅದಕ್ಕಿಂತ ಬಿಗಿಯಾಗಿರಬೇಕು. ಸಡಿಲ ಇದ್ದರೆ ಮಾಡ್ಯೂಲ್ ಅದನ್ನು ಮುಟ್ಟುವುದಿಲ್ಲ, ಲಾಗ್‌ನಲ್ಲಿ ಹಾಗೆಂದು ಬರೆಯುತ್ತದೆ. ಸುಡೊ ಹಾಕಿ ಸೆಟಪ್ ಓಡಿಸಿದ್ದರೆ ಫೈಲ್ ರೂಟ್ ಹೆಸರಿನಲ್ಲಿರುತ್ತದೆ. ಯೂಸರ್ ತಾನಾಗಿಯೇ ಅದನ್ನು ಓಡಿಸಬೇಕು.

ಇದಕ್ಕಿಂತ ಕಾಡುವ ವಿಷಯ ಬೇರೆ ಇದೆ. ಮಾಡ್ಯೂಲ್ ಈ ಫೈಲನ್ನು ಓದುವುದಷ್ಟೇ ಅಲ್ಲ, ಬರೆಯುತ್ತದೆ ಕೂಡ. ಬಳಸಿದ ಕೋಡ್ ಯಾವುದು, ಎಷ್ಟು ಸಲ ಪ್ರಯತ್ನ ಆಯಿತು ಎಂಬುದನ್ನೆಲ್ಲ ಅಲ್ಲೇ ಇಡುತ್ತದೆ. ಪಕ್ಕದಲ್ಲಿ ತಾತ್ಕಾಲಿಕ ಫೈಲ್ ಮಾಡಿ, ಬರೆದು, ಹೆಸರು ಬದಲಿಸುತ್ತದೆ. ಅದು ಆಗದಿದ್ದರೆ ಕೋಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ.

ನಾನು ಇದನ್ನು ಕಲಿತದ್ದು ಒಂದು ರಾತ್ರಿ. ತಿಂಗಳುಗಟ್ಟಲೆ ಚೆನ್ನಾಗಿ ನಡೆದಿದ್ದ ಸರ್ವರ್ ಇದ್ದಕ್ಕಿದ್ದಂತೆ ಎಲ್ಲರ ಕೋಡ್‌ಗಳನ್ನೂ ತಿರಸ್ಕರಿಸತೊಡಗಿತು. ಯಾರೂ ಏನನ್ನೂ ಬದಲಿಸಿರಲಿಲ್ಲ. ಗಡಿಯಾರ ನೋಡಿದೆ, ಸರಿಯಿತ್ತು. ಗುಟ್ಟು ನೋಡಿದೆ, ಸರಿಯಿತ್ತು. ಒಂದು ಗಂಟೆ ಆದ ಮೇಲೆ ಲಾಗ್‌ನ ಸಾಲನ್ನು ಪೂರ್ತಿ ಓದಿದೆ. ಗುಟ್ಟಿನ ಫೈಲ್ ಅಪ್‌ಡೇಟ್ ಮಾಡಲು ಆಗಲಿಲ್ಲ ಅಂತ ಅದು ಮೊದಲ ನಿಮಿಷದಿಂದಲೇ ಹೇಳುತ್ತಿತ್ತು. ಹೋಮ್ ಪಾರ್ಟಿಶನ್ ತುಂಬಿಹೋಗಿತ್ತು. ಒಂದು ಹಳೆಯ ಬ್ಯಾಕಪ್ ಅಳಿಸಿದೆ, ಮರುಕ್ಷಣ ಎಲ್ಲರೂ ಒಳಗೆ ಬಂದರು. ಅಂದಿನಿಂದ ಡಿಸ್ಕ್ ಜಾಗ ತೋರಿಸುವ ಡಿಎಫ್ ಕಮಾಂಡ್ ನನ್ನ ಪರೀಕ್ಷೆಯ ಮೊದಲ ಐದು ನಿಮಿಷದಲ್ಲೇ ಬರುತ್ತದೆ. ಜಾಗ ಇದ್ದೂ ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ದಾಖಲೆ) ಮುಗಿದಿರಬಹುದು, ಮೈನಸ್ ಐ ಕೊಟ್ಟು ಅದನ್ನೂ ನೋಡಿ.

ಫೈಲ್ ಬರೆಯಲು ಆಗದಿದ್ದರೂ ಒಳಗೆ ಬಿಡು ಎನ್ನುವ ಅಲೋ_ರೀಡ್‌ಓನ್ಲಿ ಎಂಬ ಆಯ್ಕೆ ಇದೆ. ದಯವಿಟ್ಟು ಅದರ ಕಡೆ ಹೋಗಬೇಡಿ. ಆಗ ಡಿಸ್ಕ್ ತುಂಬಿಸಲು ಸಾಧ್ಯವಾದ ಯಾರೇ ಆದರೂ ಬಳಸಿದ ಕೋಡನ್ನು ಮತ್ತೆ ಬಳಸಬಹುದು.

ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಟ್ಟು ಹಾಕುವ ಎಸ್‌ಇಲಿನಕ್ಸ್ ಇರುವ ಕಡೆ ಇದೇ ಬರೆಯುವ ಹಂತ ಇನ್ನೊಂದು ರೀತಿ ನಿಲ್ಲುತ್ತದೆ. ಹೋಮ್‌ನಲ್ಲಿ ಹೊಸ ಫೈಲ್ ಮಾಡಲು ಎಸ್‌ಎಸ್‌ಎಚ್‌ಡಿಗೆ ಅನುಮತಿ ಇರುವುದಿಲ್ಲ. ಆಡಿಟ್ ಲಾಗ್ ಹುಡುಕುವ ಎಯುಸರ್ಚ್‌ನಲ್ಲಿ ಎವಿಸಿ (ಎಸ್‌ಇಲಿನಕ್ಸ್ ತಡೆದದ್ದರ ದಾಖಲೆ) ಸಾಲುಗಳನ್ನು ಹುಡುಕಿದರೆ ಸಿಗುತ್ತದೆ. ಗುಟ್ಟಿನ ಫೈಲನ್ನು ಯೂಸರ್‌ನ ಡಾಟ್-ಎಸ್‌ಎಸ್‌ಎಚ್ ಫೋಲ್ಡರ್‌ಗೆ ಸಾಗಿಸಿ, ಪ್ಯಾಮ್ ಸಾಲಿನಲ್ಲಿ ಸೀಕ್ರೆಟ್ ಆಯ್ಕೆಗೆ ಆ ದಾರಿ ಕೊಟ್ಟು, ಫೈಲ್‌ನ ಎಸ್‌ಇಲಿನಕ್ಸ್ ಗುರುತು ಸರಿಮಾಡುವ ರೆಸ್ಟೋರ್‌ಕಾನ್ ಓಡಿಸಿ. ಇದಕ್ಕಾಗಿ ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡಬೇಡಿ.

ಇಲ್ಲಿ ಒಂದು ಎಚ್ಚರಿಕೆ. ದೋಷ ಹುಡುಕಲು ಎಸ್‌ಎಸ್‌ಎಚ್‌ಡಿಯನ್ನು ಮೈನಸ್ ಹಾಕಿ ಚಿಕ್ಕಕ್ಷರದ ಡಿ ಕೊಟ್ಟು, 2222ರಂಥ ಬೇರೆ ಪೋರ್ಟ್‌ನಲ್ಲಿ ಕೈಯಾರೆ ಓಡಿಸುವುದು ಒಳ್ಳೆಯ ಉಪಾಯ. ಪ್ರತಿ ಹೆಜ್ಜೆಯೂ ಕಣ್ಣೆದುರು ಬರುತ್ತದೆ. ಆದರೆ ರೂಟ್ ಶೆಲ್‌ನಿಂದ ಹಾಗೆ ಎಬ್ಬಿಸಿದಾಗ ಎಸ್‌ಇಲಿನಕ್ಸ್‌ನ ಕಟ್ಟು ಅದಕ್ಕೆ ಇರುವುದಿಲ್ಲ. ಅಲ್ಲಿ ಲಾಗಿನ್ ಆಗಿ, ಮಾಮೂಲಿ ಸೇವೆಯಲ್ಲಿ ಆಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಆ ವ್ಯತ್ಯಾಸವೇ ಎಸ್‌ಇಲಿನಕ್ಸ್ ಕಡೆ ಬೆರಳು ತೋರಿಸುತ್ತಿದೆ.

ಹೋಮ್ ಎನ್‌ಕ್ರಿಪ್ಟ್ ಆಗಿದ್ದು ಲಾಗಿನ್ ನಂತರವೇ ತೆರೆಯುವಂತಿದ್ದರೆ, ಗುಟ್ಟಿನ ಫೈಲ್ ಆ ಹೊತ್ತಿಗೆ ಕಾಣುವುದೇ ಇಲ್ಲ. ಅದನ್ನು ಹೋಮ್‌ನಿಂದ ಹೊರಗಿಡಬೇಕು.

ಪ್ಯಾಮ್ ಸಾಲುಗಳ ಕ್ರಮ

ಕೀ ಕೊಟ್ಟ ಮೇಲೆ ಕೋಡ್ ಜೊತೆ ಪಾಸ್‌ವರ್ಡ್ ಕೂಡ ಕೇಳುತ್ತಿದ್ದರೆ, ಎಸ್‌ಎಸ್‌ಎಚ್‌ಡಿಯ ಪ್ಯಾಮ್ ಫೈಲ್‌ನಲ್ಲಿ ಕಾಮನ್-ಆಥ್ ಸೇರಿಸುವ ಸಾಲು ಇನ್ನೂ ಜೀವಂತ ಇದೆ. ಕೀ ಮತ್ತು ಕೋಡ್ ಸಾಕು ಅನ್ನುವವರು ಅದರ ಮುಂದೆ ಹ್ಯಾಶ್ ಹಾಕಿ. ರೆಡ್ ಹ್ಯಾಟ್ ಬಳಗದಲ್ಲಿ ಅದು ಪಾಸ್‌ವರ್ಡ್-ಆಥ್ ಸಾಲು. ಆದರೆ ಹೀಗೆ ಮಾಡಿದ ಮೇಲೆ ಕೀ ಕಡ್ಡಾಯ ಇರಲೇಬೇಕು. ಇಲ್ಲದಿದ್ದರೆ ಬರೀ ಆರು ಅಂಕಿ ಕೊಟ್ಟು ಯಾರಾದರೂ ಒಳಗೆ ಬರಬಹುದು.

ಡೆಬಿಯನ್‌ನ ಕಾಮನ್-ಆಥ್ ಒಳಗೆ ಕೈಹಾಕಿ ಕೆಟ್ಟವರು ತುಂಬಾ ಜನ. ಅಲ್ಲಿ ಪ್ಯಾಮ್_ಯುನಿಕ್ಸ್ ಸಾಲಿನಲ್ಲಿ "ಸಕ್ಸೆಸ್=1" ಅಂತ ಇರುತ್ತದೆ. ಪಾಸ್‌ವರ್ಡ್ ಸರಿಯಾದರೆ ಮುಂದಿನ ಒಂದು ಸಾಲನ್ನು ಹಾರಿ ಹೋಗು ಎಂದರ್ಥ. ಹಾರಬೇಕಾದ ಆ ಸಾಲು ಪ್ಯಾಮ್_ಡಿನೈ. ಈ ಎರಡರ ನಡುವೆ ಕೋಡ್‌ನ ಸಾಲು ತುರುಕಿದರೆ, ಹಾರುವುದು ನಿಮ್ಮ ಸಾಲನ್ನು, ಬೀಳುವುದು ನೇರ ಡಿನೈ ಮೇಲೆ. ಪಾಸ್‌ವರ್ಡ್ ಸರಿ ಕೊಟ್ಟವರೆಲ್ಲ ಹೊರಗೆ.

ಪಾಸ್‌ವರ್ಡ್ ಸಾಲು ಉಳಿಸಿಕೊಂಡವರು ಫೇಲ್‌ಲಾಕ್ ಕೂಡ ನೋಡಿ. ಅದರ ಮೂಲ ಸೆಟ್ಟಿಂಗ್‌ನಲ್ಲಿ 3 ತಪ್ಪು ಪ್ರಯತ್ನ ಆದರೆ 600 ಸೆಕೆಂಡ್ ಬೀಗ. ಪರೀಕ್ಷೆ ಮಾಡುತ್ತಾ ನೀವೇ ಬೀಗ ಹಾಕಿಕೊಂಡಿರಬಹುದು. ಫೇಲ್‌ಲಾಕ್ ಕಮಾಂಡ್‌ಗೆ ಯೂಸರ್ ಹೆಸರು ಕೊಟ್ಟರೆ ಲೆಕ್ಕ ತೋರಿಸುತ್ತದೆ, ರೀಸೆಟ್ ಕೊಟ್ಟರೆ ಬಿಡಿಸುತ್ತದೆ.

ದೂರೇ ಬರದ ದೋಷ

ಒಳಗೆ ಬಿಡದ ದೋಷವನ್ನು ಎಲ್ಲರೂ ಕೂಗಿ ಹೇಳುತ್ತಾರೆ. ಬಿಡಬಾರದವರನ್ನು ಬಿಡುವ ದೋಷದ ಬಗ್ಗೆ ಯಾರೂ ಬಂದು ಹೇಳುವುದಿಲ್ಲ. ಮಾಡ್ಯೂಲ್ ಸಾಲಿನ ಕೊನೆಯಲ್ಲಿ ನಲ್ಓಕೆ ಎಂಬ ಪದ ಇದ್ದರೆ, ಗುಟ್ಟಿನ ಫೈಲ್ ಇಲ್ಲದ ಯೂಸರ್‌ಗೆ ಈ ಮಾಡ್ಯೂಲ್ ಅಡ್ಡ ಬರುವುದಿಲ್ಲ. ಎಲ್ಲರೂ ಸೆಟಪ್ ಮಾಡಿಕೊಳ್ಳುವವರೆಗೆ ಅನುಕೂಲವಾಗಲಿ ಅಂತ ಇಡುತ್ತೇವೆ. ಆಮೇಲೆ ತೆಗೆಯುವುದು ಮರೆತುಹೋಗುತ್ತದೆ.

ಆದ್ದರಿಂದ ನಿಮ್ಮ ಲಾಗಿನ್ ಸರಿಹೋಯಿತು ಅಂತ ಆ ಕಿಟಕಿ ಮುಚ್ಚುವ ಮೊದಲು ಇನ್ನೊಂದು ಕೆಲಸ ಮಾಡಿ. ನಲ್ಓಕೆ ತೆಗೆಯಿರಿ. ಒಬ್ಬ ತಾತ್ಕಾಲಿಕ ಯೂಸರ್ ಸೃಷ್ಟಿಸಿ, ಕೀ ಕೊಡಿ, ಗುಟ್ಟಿನ ಫೈಲ್ ಮಾಡಬೇಡಿ. ಆ ಹೆಸರಿನಲ್ಲಿ ಲಾಗಿನ್ ಪ್ರಯತ್ನಿಸಿ. ಕೀ ಒಪ್ಪಿ, "ಪಾರ್ಶಿಯಲ್ ಸಕ್ಸೆಸ್" ಬಂದು, ನಂತರ ಹೊರಗೆ ತಳ್ಳಬೇಕು. ತಳ್ಳಿದ್ದನ್ನು ಲಾಗ್‌ನಲ್ಲೂ ನೋಡಿಕೊಳ್ಳಿ. ಆಮೇಲೆ ಆ ಯೂಸರ್‌ನನ್ನು ಅಳಿಸಿ, ರೂಟ್ ಸೆಷನ್ ಮುಚ್ಚಿ.